ಮನೆ ಬಿಯರ್: ದಿನ ಎಣಿಸಿ ಬಾಟಲಿ ತುಂಬಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಕನ್ನಡಿಗ ಯುವಕರು ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಬೆಳೆಸಿಕೊಳ್ಳುತ್ತಿರುವ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ಹಾಪ್ಸ್ (ಬಿಯರಿಗೆ ಕಹಿ, ಸುವಾಸನೆ ಕೊಡುವ ಹೂವು) ತೋಟಗಳ ವರ್ಣನೆ ಸೊಗಸಾಗಿದೆ. ಆದರೆ 'ಏಳನೇ ದಿನ ಬಾಟಲಿಗೆ ತುಂಬಬಹುದು' ಎಂಬ ಒಂದು ಸಾಲು ಹೊಸಬರಿಗೆ ಅಪಾಯಕಾರಿಯಾದ್ದರಿಂದ, ಇದೇ ಹವ್ಯಾಸದಲ್ಲಿ ಬಹುಕಾಲದಿಂದ ಇರುವವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹುದುಗುವಿಕೆ ಮುಗಿಯಿತೇ ಇಲ್ಲವೇ ಎಂಬುದನ್ನು ಕ್ಯಾಲೆಂಡರ್ ಹೇಳಲಾರದು. ಏರ್‌ಲಾಕ್‌ನಲ್ಲಿ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ, ಮುಚ್ಚಳದ ಮೇಲಿನ ಕೊಳವೆ) ಗುಳ್ಳೆ ನಿಂತಿತೆಂಬುದೂ ಸಾಕ್ಷಿಯಲ್ಲ. ಅದನ್ನು ಹೇಳುವುದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮಾತ್ರ. ನೀರಿನದು 1.000 ಎಂದಿಟ್ಟುಕೊಂಡರೆ, ಯೀಸ್ಟ್ ಹಾಕುವ ಮುನ್ನ 1.050 ಇದ್ದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದ ಸಾಂದ್ರತೆ, ಯೀಸ್ಟ್ ಸಕ್ಕರೆಯನ್ನು ತಿಂದಂತೆ ಇಳಿಯುತ್ತಾ ಬಂದು, 1.010ರ ಆಸುಪಾಸಿನಲ್ಲಿ ಎರಡು ಮೂರು ದಿನ ಕದಲದೆ ನಿಂತರೆ ಸಾಮಾನ್ಯವಾಗಿ ಯೀಸ್ಟಿನ ಕೆಲಸ ಮುಗಿದಿದೆ ಎಂದರ್ಥ. ಯೀಸ್ಟ್ ಅದನ್ನು ತಿಂದು ಅನಿಲ ಬಿಟ್ಟು ನೊರೆ ಬರಲೆಂದು, ಬಾಟಲಿ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂನಂತೆ, ಅಂದರೆ 19 ಲೀಟರಿಗೆ 115 ಗ್ರಾಂನಷ್ಟು ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಆರಿಸಿ ಸೇರಿಸುತ್ತೇವೆ. ಹುದುಗದೆ ಉಳಿದ ಮಾಲ್ಟಿನ ಸಕ್ಕರೆಯೂ ಅದರೊಂದಿಗೆ ಬಾಟಲಿಯೊಳಗೆ ಸೇರಿಕೊಂಡರೆ, ಅನಿಲದ ಒತ್ತಡ ತಾಳಲಾರದೆ ಗಾಜು ಸಿಡಿಯುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಗಾಜಿನ ಚೂರು ಹಾರಿದರೆ ಏನಾದೀತೆಂದು ಯೋಚಿಸಿ. ಮೊದಲ ಸಲ ಮಾಡುವವರು ಸೋಡಾ ತುಂಬುವ ಪ್ಲಾಸ್ಟಿಕ್ ಬಾಟಲಿಗಳನ್ನೇ ಬಳಸಲಿ: ಕೈಯಲ್ಲಿ ಒತ್ತಿ ನೋಡಿದರೆ ಒಳಗಿನ ಒತ್ತಡ ಎಷ್ಟಿದೆಯೆಂದು ತಿಳಿಯುತ್ತದೆ, ಬಿಗಿ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟರಾಯಿತು.

ಶುಚಿತ್ವದ ವಿಷಯವನ್ನೂ ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿದೆ. ನಮ್ಮ ದೋಸೆ ಹಿಟ್ಟಿನಲ್ಲಿ ಬೇಳೆ, ಅಕ್ಕಿಯಲ್ಲೇ ಇರುವ ಸೂಕ್ಷ್ಮಜೀವಿಗಳು ಹುಳಿ ಬರಿಸುತ್ತವೆ, ನಮಗೆ ಬೇಕಾದದ್ದೂ ಅದೇ. ಬಿಯರಿಗೆ ಮಾತ್ರ ನಾವು ಹಾಕಿದ ಯೀಸ್ಟ್ ಬಿಟ್ಟು ಬೇರಾವುದೂ ಸೇರಕೂಡದು. ಮಾಲ್ಟಿನ ರಸ ಹಾಪ್ಸ್ ಜೊತೆ ಒಂದು ಗಂಟೆ ಕುದಿಯುವವರೆಗೂ ಭಯವಿಲ್ಲ. ರಸವನ್ನು 20 ಡಿಗ್ರಿಗೆ ತಣಿಸಿದ ಮೇಲೆ ಅದಕ್ಕೆ ತಾಗುವ ಸೌಟು, ಕೊಳವೆ, ಬಕೆಟ್, ಮುಚ್ಚಳ ಎಲ್ಲವನ್ನೂ ಮೊದಲು ಜಿಡ್ಡು ಹೋಗುವಂತೆ ತೊಳೆದು, ಆಮೇಲೆ ಸೋಂಕುನಿವಾರಕದಲ್ಲಿ ಅದ್ದಿರಬೇಕು. ಕೊಳೆ ಉಳಿದ ಜಾಗದಲ್ಲಿ ಸೋಂಕುನಿವಾರಕ ಕೆಲಸ ಮಾಡುವುದಿಲ್ಲ. ಒರಟು ನಾರಿನಿಂದ ಉಜ್ಜಿ ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಬದಲಿಸುವುದೇ ಲೇಸು, ಏಕೆಂದರೆ ಆ ಗೀರುಗಳಲ್ಲಿ ಬ್ಯಾಕ್ಟೀರಿಯಾ ಅಡಗಿ ಕೂರುತ್ತದೆ.

ಇನ್ನೊಂದು ಗೊಂದಲವನ್ನೂ ನಿವಾರಿಸಬೇಕಿದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮಿಥೈಲ್ ಆಲ್ಕೋಹಾಲ್ ಬೆರೆತ ಮದ್ಯಕ್ಕೂ, ಬಟ್ಟಿ ಇಳಿಸದೆ ಕೇವಲ ಹುದುಗಿಸಿದ ಬಿಯರಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕಾನೂನು ಸ್ವಂತ ಬಳಕೆಯ ಬಿಯರಿಗೆ ತೆರಿಗೆ ವಿನಾಯಿತಿ ನೀಡಿತೇ ಹೊರತು, ಅದನ್ನು ಮಾರುವುದಕ್ಕಾಗಲಿ, ಮನೆಯಲ್ಲಿ ಬಟ್ಟಿ ಇಳಿಸುವುದಕ್ಕಾಗಲಿ ಅವಕಾಶ ಕೊಡಲಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ. ಈ ಮಾತನ್ನು ಲೇಖನದಲ್ಲಿ ಸ್ಪಷ್ಟವಾಗಿ ಹೇಳಬೇಕಿತ್ತು, ಏಕೆಂದರೆ ತಮ್ಮ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಇರುವುದು ಅಲ್ಲಿಯೇ.

ಮುಂದಿನ ಪುರವಣಿಯಲ್ಲಿ ಏಳು ದಿನದ ಸೂಚನೆಗೆ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಸಿಯಾಟಲ್, ಅಮೆರಿಕ