ಮಾತು ಬಾರದ ಮಕ್ಕಳಿಗೆ ಕನ್ನಡ ಚಿತ್ರಫಲಕ ಬೇಕು

ಮಾನ್ಯರೇ,

ಮಾತಿಗೆ ಪೂರಕವಾಗಿ ಚಿತ್ರಫಲಕವನ್ನೋ ಧ್ವನಿ ನೀಡುವ ಟ್ಯಾಬನ್ನೋ ಬಳಸಬೇಕಾದ ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳಿಗೆ ಆ ಸಾಧನಗಳು ಮನೆಮಾತಿನಲ್ಲಿಯೇ ದೊರೆಯಬೇಕಾಗಿದೆ. ನಮ್ಮ ನೆರೆಯ ಬಾಲಕಿಯೊಬ್ಬಳಿಗೆ ಸಿಕ್ಕಿರುವ ಫಲಕದಲ್ಲಿರುವುದು ಮಲಯಾಳ ಮತ್ತು ಇಂಗ್ಲಿಷ್ ಪದಗಳು. ಗಂಜಿ ಬೇಕೆಂದು ಅವಳು ಬಟ್ಟಲಿನ ಚಿತ್ರದ ಮೇಲೆ ಬೆರಳಿಟ್ಟಾಗ, ಅದರ ಕೆಳಗಿನ ಪದವನ್ನು ಓದಿ ಹೇಳಲು ಪಕ್ಕದಲ್ಲಿ ಕುಳಿತ ಅಜ್ಜಿಗೆ ಬರುವುದಿಲ್ಲ. ದೊಡ್ಡವರು ತಾವು ಮಾತನಾಡುತ್ತಲೇ ಆಯಾ ಚಿತ್ರಗಳನ್ನು ಮುಟ್ಟಿ ತೋರಿಸುತ್ತ ಬಂದರೆ ಮಗು ಫಲಕದ ಬಳಕೆಯನ್ನು ಚೆನ್ನಾಗಿ ಕಲಿಯುತ್ತದೆ. ಮನೆಯವರಿಗೇ ಓದಲಾಗದ ಫಲಕದಿಂದ ಅದು ಹೇಗೆ ಸಾಧ್ಯ?

ಫಲಕ ಕೊಟ್ಟರೆ ಮಗು ಮಾತು ಕಲಿಯುವುದನ್ನೇ ಬಿಟ್ಟೀತೆಂಬ ಅಂಜಿಕೆ ಅನೇಕ ಹೆತ್ತವರಲ್ಲಿದೆ. ಇದಕ್ಕೆ ಅಧ್ಯಯನಗಳಲ್ಲಿ ಆಧಾರವಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಉಂಟು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಕೂಡ ಇಂತಹ ಸಂವಹನ ವಿಧಾನಗಳನ್ನು ಉತ್ತೇಜಿಸಬೇಕೆಂದು ಹೇಳುತ್ತದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಇಷ್ಟೊಂದು ನೊಂದಿರುವ ಈ ಜಿಲ್ಲೆಯಲ್ಲಂತೂ ಇದನ್ನು ಮುಂದೂಡುವುದು ಸರಿಯಲ್ಲ.

ಜಿಲ್ಲಾಡಳಿತವು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ನೆರವು ಕೋರಿ, ಬೇಕು, ಬೇಡ, ಸಾಕು, ನೋವು ಮುಂತಾದ ನಿತ್ಯದ ಪದಗಳಿರುವ ಕನ್ನಡ ಫಲಕಗಳನ್ನು, ತುಳು ಮನೆಗಳಿಗೆ ತುಳುವಿನವನ್ನೂ, ಸಿದ್ಧಪಡಿಸಲಿ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳ ಶಿಕ್ಷಕಿಯರಿಗೂ ಮನೆಯವರಿಗೂ ಒಟ್ಟಿಗೇ ತರಬೇತಿ ನೀಡಲಿ. ಫಲಕವು ಶಾಲೆಯ ಕಪಾಟಿನಲ್ಲಿ ಉಳಿಯದೆ ಸಂಜೆ ಮಗುವಿನ ಜೊತೆ ಮನೆಗೆ ಹೋಗುವ ವ್ಯವಸ್ಥೆಯೂ ಆಗಲಿ.

– ಓರ್ವ ಓದುಗ, ಮಂಜೇಶ್ವರ ತಾಲೂಕು