ಆರ್-ಸ್ಕ್ವೇರ್ ನಂಬುವ ಮೊದಲು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಟೇಬಲ್ ನೋಡಿದೆ. ಎರಡು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿರುವ ಲೋಕಸ್‌ಗಳ (ಡಿಎನ್‌ಎಯ ಜಾಗಗಳ) ನಡುವೆ ಆರ್-ಸ್ಕ್ವೇರ್, ಅಂದರೆ ಅವು ಎಷ್ಟು ಜೊತೆಜೊತೆಯಾಗಿ ಬರುತ್ತವೆ ಅನ್ನುವ 0ರಿಂದ 1ರವರೆಗಿನ ಅಳತೆ, 0.4 ಬಂದಿದೆ, ಏನೋ ಹೊಸದು ಸಿಕ್ಕಿದೆ ಅಂತ ಬರೆದಿದ್ದೀಯ. ಗೈಡ್ ಹತ್ತಿರ ಓಡುವ ಮೊದಲು ಪೆನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡು.

ಎರಡು ಗುಂಪು ಇವೆ ಅಂದುಕೋ. ಒಂದರಲ್ಲಿ ಮೊದಲ ಜಾಗದ ಎ ಅಲೀಲ್ (ಅಲೀಲ್ ಅಂದರೆ ಆ ಜಾಗದಲ್ಲಿ ಕಾಣುವ ಒಂದು ರೂಪ) 0.9 ಪಾಲು, ಎರಡನೇ ಜಾಗದ ಬಿ ಅಲೀಲೂ 0.9. ಇನ್ನೊಂದರಲ್ಲಿ ಎರಡೂ 0.1. ಯಾವ ಗುಂಪಿನೊಳಗೂ ಇವೆರಡಕ್ಕೆ ನಂಟಿಲ್ಲ. ಹಾಗಾಗಿ ಎ-ಬಿ ಜೋಡಿ ಮೊದಲನೆಯದರಲ್ಲಿ 0.81, ಎರಡನೆಯದರಲ್ಲಿ 0.01. ಈಗ ಎರಡನ್ನೂ ಸಮವಾಗಿ ಸೇರಿಸು. ಜೋಡಿ 0.41 ಆಯಿತು. ಅಲೀಲ್‌ಗಳು ಮಾತ್ರ 0.5, 0.5. ನಂಟಿಲ್ಲದಿದ್ದರೆ ಜೋಡಿ 0.25 ಇರಬೇಕಿತ್ತು, ಅಲ್ವಾ? ಈ ಎರಡರ ವ್ಯತ್ಯಾಸವೇ ಡಿ, 0.16; ಅದರಿಂದ ಲೆಕ್ಕ ಹಾಕಿದ ಆರ್-ಸ್ಕ್ವೇರ್ 0.41. ಜೀನ್‌ಗಳು ಏನೂ ಮಾಡಲಿಲ್ಲ. ಸ್ಯಾಂಪಲ್ ಸೇರಿಸಿದವರು ಮಾಡಿದ್ದು ಅಷ್ಟೇ.

1913ರಲ್ಲಿ ತಳಿವಿಜ್ಞಾನಿ ಸ್ಟರ್ಟವಂಟ್, ಜೀನ್‌ಗಳು ಎಷ್ಟು ಸಲ ಜೊತೆಯಾಗಿ ಹೋಗುತ್ತವೆ ಅಂತ ನೋಡಿ, ಹಣ್ಣುನೊಣದ ಜೀನ್‌ಗಳ ನಕ್ಷೆ ಬರೆದರು. ಯಾವ ನೊಣಕ್ಕೆ ಯಾವುದನ್ನು ಕೂಡಿಸಿದ್ದು ಅನ್ನುವುದು ಅವರಿಗೆ ಗೊತ್ತಿತ್ತು. ನಿನ್ನ ಕೈಲಿರುವುದು ಯಾರೂ ಬರೆದಿಡದ ನೂರಾರು ತಲೆಮಾರುಗಳ ಮದುವೆಗಳ ಫಲ. ಅದರಲ್ಲಿ ಕ್ರೋಮೋಸೋಮಿನ ಮೇಲಿನ ದೂರದ ಜೊತೆ ಜನರ ಚರಿತ್ರೆಯೂ ಕಲಸಿಕೊಂಡಿರುತ್ತದೆ.

ಆ ಚರಿತ್ರೆಯೇ ಕೆಲವೊಮ್ಮೆ ನಮಗೆ ಬೇಕಾದ ಉತ್ತರ. ಗುಂಪುಗಳು ಒಮ್ಮೆ ಬೆರೆತು, ಆಮೇಲೆ ಮನಬಂದಂತೆ ಮದುವೆಗಳು ನಡೆದರೆ, ಡಿ ಪ್ರತಿ ತಲೆಮಾರಿಗೂ ಇಳಿಯುತ್ತದೆ. ಬೇರೆ ಕ್ರೋಮೋಸೋಮ್‌ಗಳಲ್ಲಿದ್ದರೆ ಪ್ರತಿಸಲ ಅರ್ಧ. ರಿಕಾಂಬಿನೇಷನ್ (ಒಂದು ತಲೆಮಾರಿನಲ್ಲಿ ಜೋಡಿ ಬೇರೆಯಾಗುವ ಸಾಧ್ಯತೆ) 0.01 ಇರುವಷ್ಟು ಹತ್ತಿರವಿದ್ದರೆ ಅರ್ಧಕ್ಕೆ ಇಳಿಯಲು ಸುಮಾರು 69 ತಲೆಮಾರು ಬೇಕು. ಇಂಥದೇ ಇಳಿಕೆಯನ್ನು ಅಳೆದು, 2013ರ ಒಂದು ಅಧ್ಯಯನ ಭಾರತದ ಎರಡು ಹಳೆಯ ಜನಸಮೂಹಗಳು ಸುಮಾರು 1,900ರಿಂದ 4,200 ವರ್ಷಗಳ ಹಿಂದೆ ಬೆರೆತವು ಅಂತ ತೋರಿಸಿತು. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಇನ್ನೊಂದು ಮಾತು. ಹತ್ತೇ ಜನರ ಸ್ಯಾಂಪಲ್ ಅಂದರೆ, ಒಬ್ಬರಿಗೆ ಎರಡು ಪ್ರತಿಯಂತೆ, 20 ಕ್ರೋಮೋಸೋಮ್. ನಂಟೇ ಇಲ್ಲದಿದ್ದರೂ ಆರ್-ಸ್ಕ್ವೇರ್ ಸರಾಸರಿ 0.05ರ ಹತ್ತಿರ ಬರುತ್ತದೆ. ಡಿ-ಪ್ರೈಮ್ (ಡಿಯನ್ನು ಅದರ ಗರಿಷ್ಠ ಬೆಲೆಯಿಂದ ಭಾಗಿಸಿದ್ದು) 1 ಬಂತು ಅಂತಲೂ ಹಿಗ್ಗಬೇಡ. ಅಪರೂಪದ ಅಲೀಲ್ ಇದ್ದರೆ, ಎರಡೂ ಜಾಗಗಳ ಎರಡೆರಡು ಅಲೀಲ್‌ಗಳಿಂದಾಗುವ ನಾಲ್ಕು ಜೋಡಿಗಳಲ್ಲಿ ಒಂದು ಸುಮ್ನೆ ಕಣ್ಣಿಗೆ ಬೀಳದೇ ಹೋಗಬಹುದು, ಆಗಲೂ 1 ಬರುತ್ತದೆ.

ರಕ್ತ ತೆಗೆದವರನ್ನು ಕೇಳು: ಯಾವ ಯಾವ ಊರು, ಯಾವ ಸಮುದಾಯ, ಇವರಲ್ಲಿ ಯಾರು ಯಾರಿಗೆ ನೆಂಟರು? ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆಮಕ್ಕಳ ಜೊತೆ ಮದುವೆ ಎಷ್ಟು ಜಾಸ್ತಿ ಅಂತ ನಿನಗೆ ನಾನು ಹೇಳಬೇಕೆ? ಒಂದೇ ಮನೆತನದ ಐದಾರು ಜನ ಸೇರಿಕೊಂಡಿದ್ದರೂ ಅಂಕಿ ಉಬ್ಬುತ್ತದೆ. ಆಮೇಲೆ ಗುಂಪುಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಆರ್-ಸ್ಕ್ವೇರ್ ದೂರದ ಜೊತೆ ಹೇಗೆ ಇಳಿಯುತ್ತದೆ ಅಂತ ಗ್ರಾಫ್ ಹಾಕು. ಭಾನುವಾರದೊಳಗೆ ಕಳಿಸಿದರೆ ನಾನೂ ನೋಡುತ್ತೇನೆ. ಟೇಬಲ್ ಬೇಡ, ಅಕ್ಷರ ತೀರಾ ಸಣ್ಣದು.

ನಿನ್ನ ದೊಡ್ಡಮ್ಮ