ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸ್ಟಾರ್‌ಗಳ ಕುರಿತು

ಮುಂಬಯಿ, ನವೆಂಬರ್ 2020

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ದೀಪಾವಳಿ ರಜೆ ಮುಗಿದು ಆನ್‌ಲೈನ್ ಪಾಠಗಳು ಮತ್ತೆ ಆರಂಭವಾಗುತ್ತಿವೆ. ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಆಗಸ್ಟ್ ತಿಂಗಳಿನಿಂದ ಕೊಡುತ್ತಾ ಬಂದಿದ್ದ ಸ್ಟಾರ್‌ಗಳನ್ನು ಇನ್ನು ಮುಂದೆ ನಿಲ್ಲಿಸಲು ನಾವು ತೀರ್ಮಾನಿಸಿದ್ದೇವೆ. ಅದಕ್ಕೆ ಕಾರಣವೇನೆಂದು ನಿಮಗೆ ವಿವರವಾಗಿ ತಿಳಿಸುವುದು ನನ್ನ ಕರ್ತವ್ಯ.

ಸಮಯಕ್ಕೆ ಸರಿಯಾಗಿ ಪಾಠಕ್ಕೆ ಬಂದವರಿಗೆ ಒಂದು, ಕೊನೆಯವರೆಗೆ ಕ್ಯಾಮೆರಾ ತೆರೆದಿಟ್ಟವರಿಗೆ ಒಂದು, ಸಂಜೆ ಐದರೊಳಗೆ ಹೋಂವರ್ಕ್ ಫೋಟೊ ಕಳಿಸಿದವರಿಗೆ ಒಂದು ಎಂದು ನಿಯಮ ಮಾಡಿ, ಪ್ರತಿ ಶನಿವಾರ ಆ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆವು. ಮಕ್ಕಳಿಗೆ ಹುರುಪು ಬರಲಿ ಎಂಬುದಷ್ಟೇ ನಮ್ಮ ಆಸೆಯಾಗಿತ್ತು. ರಜೆಯಲ್ಲಿ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಮೊದಲ ವಾರ ಕೆಳಗಿದ್ದ ಹೆಸರುಗಳು ಕೊನೆಯ ವಾರದವರೆಗೂ ಕೆಳಗೇ ಇದ್ದವು. ಅವರಲ್ಲಿ ಹೆಚ್ಚಿನವರು ಮನೆಗೊಂದೇ ಮೊಬೈಲ್ ಇರುವ ಮಕ್ಕಳು, ಇಲ್ಲವೇ ಲಾಕ್‌ಡೌನ್‌ನಲ್ಲಿ ಕಲಬುರಗಿ, ವಿಜಯಪುರದ ಕಡೆಯ ಹಳ್ಳಿಗಳಿಗೆ ಹೋಗಿ ಇನ್ನೂ ಮರಳದವರು. ಕೇಂದ್ರ ಸರ್ಕಾರದ ‘ಪ್ರಜ್ಞಾತಾ’ ಮಾರ್ಗಸೂಚಿಯಂತೆ ಎಂಟನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳನ್ನಷ್ಟೇ ನಡೆಸಬಹುದಾದರೂ, ಮೂವರು ಮಕ್ಕಳಿರುವ ಮನೆಯಲ್ಲಿ ಆ ಒಂದು ಫೋನ್ ಮೊದಲು ಹೋಗುವುದು ಹತ್ತನೆಯ ತರಗತಿಯ ಅಕ್ಕನ ಕೈಗೆ, ಹೋಗಬೇಕಾದದ್ದೂ ಹಾಗೆಯೇ. ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯಲ್ಲೆಲ್ಲ ಕರೆಂಟ್ ಹೋದ ದಿನವೂ ನಾವು ಫೋನಿನಲ್ಲಿ ಚಾರ್ಜ್ ಮತ್ತು ಡೇಟಾ ಉಳಿದಿದ್ದವರಿಗೆ ಸ್ಟಾರ್ ಕೊಟ್ಟು, ಉಳಿದವರ ಸಾಲನ್ನು ಖಾಲಿ ಬಿಟ್ಟಿದ್ದೆವು. ಅದನ್ನು ಕಂಡು ನನಗೆ ನಿಜಕ್ಕೂ ನೋವಾಯಿತು.

ಎರಡನೆಯ ತರಗತಿಯ ಒಬ್ಬ ಹುಡುಗನ ಹೋಂವರ್ಕ್ ಬರುತ್ತಿದ್ದುದು ರಾತ್ರಿ ಹತ್ತರ ನಂತರ, ತಂದೆ ಹೋಟೆಲ್ ಕೆಲಸ ಮುಗಿಸಿ ಫೋನ್ ಮನೆಗೆ ತಂದ ಮೇಲೆ. ಮಂದ ಬೆಳಕಿನ ಆ ಫೋಟೊದಲ್ಲಿ ಹಾಳೆಯ ಮೇಲೆ ಬೆರಳಿನ ನೆರಳು ಬಿದ್ದಿರುತ್ತಿತ್ತು. ‘ಳ’ ಅಕ್ಷರವನ್ನು ಅವನು ಎಷ್ಟು ಸಲ ಅಳಿಸಿ ಬರೆದಿದ್ದನೆಂದರೆ ಒಂದು ಕಡೆ ಕಾಗದವೇ ತೂತಾಗಿತ್ತು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ದುಂಡಗೆ ಕೂತಿತ್ತು. ತಡವಾಯಿತೆಂಬ ಒಂದೇ ಕಾರಣಕ್ಕೆ ಅದಕ್ಕೆ ಸ್ಟಾರ್ ಸಿಗಲಿಲ್ಲ. ಅದೇ ವಾರ, ದೊಡ್ಡವರ ಕೈಚಳಕ ಎದ್ದು ಕಾಣುವ ಪುಟಗಳಿಗೆ ಸಿಕ್ಕಿತು. ಆ ಪೋಷಕರನ್ನು ನಾನು ದೂರುವುದಿಲ್ಲ; ಪಟ್ಟಿಯನ್ನು ಎಲ್ಲರ ಮುಂದಿಟ್ಟು ಅಂಥ ಒತ್ತಡ ತಂದವರು ನಾವೇ.

ಸ್ಟಾರ್ ಇಲ್ಲದಿದ್ದರೆ ಮಗು ಪಾಠಕ್ಕೆ ಕೂರುವುದೇ ಇಲ್ಲ ಎಂದು ಕೆಲವು ತಾಯಂದಿರು ಹೇಳಿದ್ದಾರೆ. ಮೊದಲ ಕೆಲವು ದಿನ ಆ ಕಷ್ಟ ಇರಬಹುದು. ಆದರೆ 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಪೈಕಿ ಬಹುಮಾನದ ಭರವಸೆ ಪಡೆದು ಬರೆದವರು, ಮುಂದೆ ಬಹುಮಾನವಿಲ್ಲದಾಗ ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬರೆದರು. ಓದು ಬರಹದ ಮೇಲೆ ನಮ್ಮ ಮಕ್ಕಳಿಗೆ ಈಗಿರುವ ಪ್ರೀತಿ ಹಾಗೆ ಕರಗಬಾರದೆಂಬುದೇ ನನ್ನ ಕಳಕಳಿ.

ಇನ್ನು ಮೇಲೆ ತರಗತಿ ಶಿಕ್ಷಕಿಯರು ವಾರಕ್ಕೊಮ್ಮೆ ಪ್ರತಿ ಮಗುವಿಗೂ ಫೋನ್ ಮಾಡಿ, ಒಂದು ಪುಟ ಓದಿಸಿ, ಯಾವ ಅಕ್ಷರ ಸುಧಾರಿಸಿದೆ, ಯಾವ ಲೆಕ್ಕ ಸರಿಯಾಗಿದೆ ಎಂಬುದನ್ನು ಮಗುವಿಗೇ ಹೇಳುತ್ತಾರೆ. ಇಂಟರ್‌ನೆಟ್ ಸಿಗದ ಊರುಗಳಲ್ಲಿ ಇರುವವರಿಗೆ ಸಾದಾ ಕರೆಯೇ ಸಾಕು. ಹೋಂವರ್ಕನ್ನು ಆ ವಾರದೊಳಗೆ ಯಾವ ಹೊತ್ತಿನಲ್ಲಿ ಕಳಿಸಿದರೂ ನೋಡಲಾಗುವುದು.

ಸ್ಟಾರ್ ನಿಂತದ್ದು ತಮ್ಮ ತಪ್ಪಿನಿಂದಲ್ಲ ಎಂದು ದಯವಿಟ್ಟು ಮಕ್ಕಳಿಗೆ ತಿಳಿಹೇಳಿರಿ. ನಿಮ್ಮ ಮನೆಯ ಫೋನ್ ಯಾವ ಹೊತ್ತಿನಲ್ಲಿ ಮಗುವಿಗೆ ಸಿಗುತ್ತದೆ ಎಂಬುದನ್ನು ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕಿಗೆ ತಿಳಿಸಬೇಕೆಂದು ಕೋರುತ್ತೇನೆ. ರಾತ್ರಿ ಹತ್ತರ ನಂತರವೇ ಸಿಗುವುದಾದರೆ ಸಂಕೋಚಪಡದೆ ಹೇಳಿರಿ. ಆ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ನಾನೇ ಕರೆ ಮಾಡುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ